ಕಡಲನ್ನು ಕರೆತಂದ ಲೈಡನ್

ನೆದರ್‌ಲ್ಯಾಂಡ್ಸಿನ ಲೈಡನ್ ನಗರದ ನಡುವೆ, ರೈನ್ ನದಿಯ ಎರಡು ಕವಲುಗಳು ಕೂಡುವಲ್ಲಿ, ಮಣ್ಣಿನ ದಿಬ್ಬವೊಂದರ ನೆತ್ತಿಯ ಮೇಲೆ ದುಂಡನೆಯ ಹಳೆಯ ಕೋಟೆಯಿದೆ. ಇಂದಿನ ಪ್ರವಾಸಿಗೆ ಅಲ್ಲಿಂದ ಹೆಂಚಿನ ಮಾಡುಗಳೂ ಇಗರ್ಜಿಗಳೂ ಕಾಣುತ್ತವೆ. 1574ರಲ್ಲಿ ಆ ಗೋಡೆ ಹತ್ತಿದವರು ಕಡಲ ನೀರಿನ ದಾರಿ ಕಾಯುತ್ತಿದ್ದರು.

ಸ್ಪೇನಿನ ದೊರೆ ಎರಡನೆಯ ಫಿಲಿಪನಿಗೆ ತಿರುಗಿಬಿದ್ದ ಊರುಗಳಲ್ಲಿ ಲೈಡನ್ನೂ ಒಂದು. ಆ ಮೇ ತಿಂಗಳ ಕೊನೆಯಲ್ಲಿ ಫಿಲಿಪನ ಸೇನಾನಿ ವಾಲ್ಡೆಸ್ ಎರಡನೆಯ ಬಾರಿಗೆ ಮುತ್ತಿಗೆ ಹಾಕಿದ. ಕಣಜಗಳು ಬರಿದಾದವು. ಹಸಿವಿನ ಬೆನ್ನಿಗೇ ಪ್ಲೇಗು ನುಗ್ಗಿತು. ಬೆಳ್ಳಿಗೆ ಬರ ಬಂದು ಕಾಗದದ ನಾಣ್ಯ ಒತ್ತಿದರು. ಊರಿನ ಸುಮಾರು ಮೂರನೆಯ ಒಂದು ಪಾಲು ಜನ ಮಣ್ಣಾದರು. ಶರಣಾಗೋಣವೆಂದು ಗೋಳಿಟ್ಟವರ ಮುಂದೆ ಪುರಾಧ್ಯಕ್ಷ ವಾನ್ ಡರ್ ವೆರ್ಫ್ ತನ್ನ ತೋಳನ್ನೇ ಚಾಚಿ, ಇದನ್ನು ತಿನ್ನಿರಿ ಎಂದನೆಂಬುದು ಐತಿಹ್ಯ.

ದಂಗೆಯ ಮುಂದಾಳು, ಆರೆಂಜಿನ ರಾಜಕುಮಾರ ವಿಲಿಯಂ, ನೆರವಿನ ದೋಣಿಗಳು ಊರು ತಲುಪಲೆಂದು ಆಗಸ್ಟಿನಲ್ಲಿ ನದಿಯ ಒಡ್ಡುಗಳನ್ನು ಕಡಿಸಿದ. ತಲೆಮಾರುಗಳು ನೀರಿನಿಂದ ಗೆದ್ದುಕೊಂಡ ಹೊಲವನ್ನು ನೀರಿಗೇ ಮರಳಿ ಕೊಡುವುದೆಂದರೆ ಡಚ್ಚರಿಗೆ ಅದಕ್ಕಿಂತ ದೊಡ್ಡ ತ್ಯಾಗವಿರಲಿಲ್ಲ. ಆದರೂ ನೀರು ಸಾಲಲಿಲ್ಲ. ನೌಕಾಧಿಪತಿ ಬೊಯಿಸೊನ ಚಪ್ಪಟೆ ತಳದ ದೋಣಿಗಳು ವಾರಗಟ್ಟಲೆ ಕೆಸರಿನಲ್ಲಿ ಕಾದವು. ಕೊನೆಗೆ ಬಿರುಗಾಳಿ ಬೀಸಿತು, ನೀರು ಉಕ್ಕಿತು. ಅಕ್ಟೋಬರ್ 2ರ ರಾತ್ರಿ ಊರಿನ ಸುತ್ತಣ ಗೋಡೆಯ ಒಂದು ಭಾಗ ಕುಸಿಯಿತು. ಆ ಬಿರುಕಿನಿಂದ ಒಳನುಗ್ಗಬಹುದಾಗಿದ್ದ ಸ್ಪ್ಯಾನಿಷರು ಏರುತ್ತಿದ್ದ ನೀರಿಗೆ ಬೆದರಿ ಕತ್ತಲಲ್ಲೇ ಕಾಲ್ತೆಗೆದಿದ್ದರು. ಬೆಳಗಾದಾಗ ದೋಣಿಗಳು ಹೆರಿಂಗ್ ಮೀನನ್ನೂ ಬಿಳಿ ರೊಟ್ಟಿಯನ್ನೂ ಹೊತ್ತು ಊರು ಸೇರಿದವು.

ನನ್ನ ಮನಸ್ಸು ಹೆಚ್ಚು ಬಾಗುವುದು ಆಮೇಲೆ ನಡೆದುದಕ್ಕೆ. ನಾಲ್ಕೇ ತಿಂಗಳಲ್ಲಿ, 1575ರ ಫೆಬ್ರವರಿ 8ರಂದು, ಸಾವಿನ ಸೂತಕ ಕಳೆಯದ ಅದೇ ಊರಿನಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಅದರ ಸನದು ಹೊರಟದ್ದು ಫಿಲಿಪನ ಹೆಸರಿನಲ್ಲೇ! ವಿಲಿಯಂ ಅದುವರೆಗೂ ದೊರೆಯ ಪ್ರತಿನಿಧಿಯೆಂದೇ ಹೇಳಿಕೊಳ್ಳುತ್ತಿದ್ದ. ಹೊಸ ನಾಡಿಗೆ ಪಾದ್ರಿಗಳೂ ನ್ಯಾಯವೇತ್ತರೂ ಬೇಕಾಗಿದ್ದರು, ನಿಜ. ಆದರೂ ಸಮಾಧಿಗಳ ಪಕ್ಕದಲ್ಲೇ ಪಾಠಶಾಲೆ ಕಟ್ಟಿದ ಆ ಜನರ ಎದೆಗಾರಿಕೆಗೆ ಕೈಮುಗಿಯಬೇಕೆನಿಸುತ್ತದೆ.

ರಾಪೆನ್‌ಬರ್ಗ್ ಕಾಲುವೆಯ ದಡದಲ್ಲಿ, ಸನ್ಯಾಸಿನಿಯರ ಹಳೆಯ ಮಠವೊಂದು 1581ರಿಂದ ವಿಶ್ವವಿದ್ಯಾಲಯದ ಮನೆಯಾಗಿದೆ. ಅದರ ಹಿಂದೆಯೇ 1590ರಲ್ಲಿ ಸಂಕಲ್ಪವಾದ ಸಸ್ಯೋದ್ಯಾನ. 1593ರಲ್ಲಿ ಬಂದ ಮುದಿ ವಿದ್ವಾಂಸ ಕ್ಲೂಸಿಯಸ್ ಅದನ್ನು ಬೆಳೆಸಿದ, ಟುಲಿಪ್ ಗಡ್ಡೆಗಳನ್ನು ನೆಡಿಸಿದ. ಮುತ್ತಿಗೆ ಮುರಿದ ದಿನವಾದ ಅಕ್ಟೋಬರ್ 3ರಂದು ಅಲ್ಲಿಗೆ ಹೋದವರು ಕಾಲುವೆ ದಾಟಿ ತೂಕದಮನೆಯ ಕಡೆಗೂ ನಡೆಯಲಿ. ಊರಿನವರಿಗೆ ಆ ದಿನ ಅಲ್ಲಿ ಇಂದಿಗೂ ಹೆರಿಂಗ್ ಮತ್ತು ಬಿಳಿ ರೊಟ್ಟಿ ಹಂಚುತ್ತಾರೆ.