ಜಮೆ ಒಬ್ಬರದು, ಪಡೆಯುವವರು ಇನ್ನೊಬ್ಬರು

1960ರ ದಶಕ, ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರ. ಬಡವರಿಗೆ ಊಟ ಹಾಕುವ ಅಡುಗೆಮನೆಯೊಂದರಲ್ಲಿ ಜಾನ್ ವ್ಯಾನ್ ಹೆಂಗೆಲ್ ಸ್ವಯಂಸೇವಕರಾಗಿದ್ದರು. ಹತ್ತು ಮಕ್ಕಳ ತಾಯಿಯೊಬ್ಬರು ಅವರಿಗೆ ಹೇಳಿದರಂತೆ: ದಿನಸಿ ಅಂಗಡಿಗಳು ಎಸೆದದ್ದರಲ್ಲೇ ಮಕ್ಕಳನ್ನು ಸಾಕುತ್ತಿದ್ದೇನೆ, ಅದನ್ನು ಬ್ಯಾಂಕಿನ ಹಾಗೆ ಒಂದು ಕಡೆ ಇಟ್ಟರೆ ಬೇಕಾದವರು ಬಂದು ಪಡೆಯಬಹುದಲ್ಲ? 1967ರಲ್ಲಿ ಚರ್ಚು ಕೊಟ್ಟ ಹಳೆಯ ಕಟ್ಟಡದಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಮೊದಲ ವರ್ಷವೇ ನೂರು ಟನ್‌ಗೂ ಹೆಚ್ಚು ಆಹಾರ ಹಂಚಿತು. ಕಥೆ ಹೇಳುವವರು ಸಾಮಾನ್ಯವಾಗಿ ಆ ತಾಯಿಯ ಹೆಸರು ಹೇಳುವುದಿಲ್ಲ.

ಕಂಪನಿಗಳು ಕೊಟ್ಟದ್ದು ಬರೀ ಕರುಣೆಯಿಂದಲ್ಲ. ಡಬ್ಬಿ ನೆಗ್ಗಿದ್ದರೆ, ಲೇಬಲ್ ತಪ್ಪಾಗಿದ್ದರೆ ಮಾಲು ಮಾರಾಟವಾಗದು, ಎಸೆಯುವುದಕ್ಕೂ ಖರ್ಚು. 1976ರ ತೆರಿಗೆ ಕಾನೂನು ಇಂಥ ದಾನಕ್ಕೆ ಹೆಚ್ಚಿನ ರಿಯಾಯಿತಿ ಕೊಟ್ಟಿತು. 1979ರಲ್ಲಿ ಸೆಕೆಂಡ್ ಹಾರ್ವೆಸ್ಟ್ ಎಂಬ ರಾಷ್ಟ್ರೀಯ ಜಾಲ ಹುಟ್ಟಿತು (2008ರಿಂದ ಅದು ಫೀಡಿಂಗ್ ಅಮೆರಿಕ). ತಿಂದವರಿಗೆ ಏನಾದರೂ ಆದರೆ ಮೊಕದ್ದಮೆ ಬೀಳುತ್ತದೆಂಬ ಭಯವಿತ್ತು. ಪ್ರಾಮಾಣಿಕವಾಗಿ ಕೊಟ್ಟವರಿಗೆ 1996ರ ಗುಡ್ ಸಮಾರಿಟನ್ ಕಾನೂನು ರಕ್ಷಣೆ ನೀಡಿತು.

ಅನುವಾದಕಿಯಾಗಿ ನನ್ನನ್ನು ತಡೆದು ನಿಲ್ಲಿಸುವುದು ‘ಬ್ಯಾಂಕ್’ ಎಂಬ ಪದ. ನಮ್ಮ ಬ್ಯಾಂಕಿನಲ್ಲಿ ಇಟ್ಟವರೇ ತೆಗೆಯುತ್ತಾರೆ. ಇಲ್ಲಿ ಇಡುವವರು ಬೇರೆ, ಮತ್ತು ಎಷ್ಟು ಜಮೆಯಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಹಸಿದವರ ಅಗತ್ಯವಲ್ಲ, ಕಂಪನಿಗಳ ಲೆಕ್ಕದ ತಪ್ಪು. ಕಂಪ್ಯೂಟರ್ ಬಂದು ದಾಸ್ತಾನಿನ ಲೆಕ್ಕ ಚೊಕ್ಕವಾದಷ್ಟೂ ಮಿಗುವುದು ಕಡಿಮೆ. ಅದಕ್ಕೇ ಇಂದು ಅಲ್ಲಿನ ಫುಡ್ ಬ್ಯಾಂಕುಗಳು ದಾನದ ಜೊತೆಗೆ ದುಡ್ಡು ಕೊಟ್ಟೂ ದಿನಸಿ ಕೊಳ್ಳುತ್ತಿವೆ.