ವಿಕಲಚೇತನರಿಗೆ ವೃತ್ತಿ ತರಬೇತಿ ನೀಡುವ ಸಂಸ್ಥೆಗಳಿಗೆ ವಿಮಾ ರಕ್ಷಣೆ

ಪೀಠಿಕೆ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 19ನೇ ಪ್ರಕರಣವು ವಿಕಲಚೇತನರ ವೃತ್ತಿ ತರಬೇತಿ ಹಾಗೂ ಸ್ವಯಂ ಉದ್ಯೋಗಕ್ಕೆ ಯೋಜನೆಗಳನ್ನು ರೂಪಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ರಾಜ್ಯದಲ್ಲಿ ಸ್ವಯಂಸೇವಾ ಸಂಸ್ಥೆಗಳು ಹೊಲಿಗೆ, ಮುದ್ರಣ, ಬೇಕರಿ, ಗಣಕಯಂತ್ರ ಮುಂತಾದ ವೃತ್ತಿಗಳಲ್ಲಿ ಇಂತಹ ತರಬೇತಿ ನೀಡುತ್ತಿವೆ. ಕಟ್ಟಡ, ಯಂತ್ರ ಹಾಗೂ ವಾಹನಗಳಿಗೆ ವಿಮೆ ಮಾಡಿಸಿರುವ ಸಂಸ್ಥೆಯಲ್ಲಿಯೂ ತರಬೇತಿ ಪಡೆಯುವವರು ಮಾತ್ರ ವಿಮೆಯ ಹೊರಗೆ ಉಳಿದಿರುವ ಸಂಭವವಿರುತ್ತದೆ. ಇದಕ್ಕೆ ಕಾರಣವನ್ನೂ ಪರಿಹಾರ ಮಾರ್ಗವನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಶಿಕ್ಷಣಾರ್ಥಿಯು ನೌಕರನಲ್ಲ

ಕೆಲಸದ ವೇಳೆ ಗಾಯಗೊಂಡ ನೌಕರನಿಗೆ ಪರಿಹಾರ ನೀಡುವುದು ಉದ್ಯೋಗದಾತನ ಶಾಸನಬದ್ಧ ಹೊಣೆ. 1923ರ ಅಧಿನಿಯಮದಲ್ಲಿದ್ದ ಈ ಉಪಬಂಧಗಳು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿದ್ದು, ಸದರಿ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸಂಸ್ಥೆಯ ಬೋಧಕರು, ಅಡುಗೆಯವರು ಹಾಗೂ ಚಾಲಕರಿಗೆ ಈ ರಕ್ಷಣೆ ದೊರೆಯುತ್ತದೆ. ಆದರೆ ವೇತನವಿಲ್ಲದೆ ಅಥವಾ ಕೇವಲ ಶಿಷ್ಯವೇತನ ಪಡೆದು ಕಲಿಯುವವರು ಸಾಮಾನ್ಯವಾಗಿ ನೌಕರರೆಂದು ಪರಿಗಣಿತರಾಗುವುದಿಲ್ಲ.

ಅಪ್ರೆಂಟಿಸ್ ಅಧಿನಿಯಮ, 1961ರ 18ನೇ ಪ್ರಕರಣವು ಅಪ್ರೆಂಟಿಸರು ಕಾರ್ಮಿಕರಲ್ಲ, ಶಿಕ್ಷಣಾರ್ಥಿಗಳು ಎಂದು ಹೇಳಿದ್ದರೂ 16ನೇ ಪ್ರಕರಣವು ತರಬೇತಿಯ ಅವಧಿಯ ಅಪಘಾತಕ್ಕೆ ಉದ್ಯೋಗದಾತನೇ ಪರಿಹಾರ ನೀಡಬೇಕೆಂದು ವಿಧಿಸಿದೆ. ಈ ಸೌಲಭ್ಯವು ಸದರಿ ಅಧಿನಿಯಮದಂತೆ ಕರಾರು ಮಾಡಿಕೊಂಡವರಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಇತರ ಶಿಕ್ಷಣಾರ್ಥಿಗಳನ್ನು ಸಂಸ್ಥೆಯು ಪ್ರತ್ಯೇಕವಾಗಿ ವಿಮೆಗೆ ಒಳಪಡಿಸುವುದು ಅವಶ್ಯ.

2. ಪಡೆಯಬೇಕಾದ ವಿಮೆಗಳು

ಅ) ಗುಂಪು ವೈಯಕ್ತಿಕ ಅಪಘಾತ ವಿಮೆ: ಅಪಘಾತದಲ್ಲಿ ಯಾರ ತಪ್ಪಿದೆ ಎಂಬುದನ್ನು ನೋಡದೆ, ಪಾಲಿಸಿಯ ಷರತ್ತುಗಳಂತೆ ಹಣ ಸಂದಾಯವಾಗುತ್ತದೆ. ಶಿಕ್ಷಣಾರ್ಥಿಗಳಿಗೆ ಮೊದಲು ಒದಗಿಸಬೇಕಾದ ವಿಮೆ ಇದು.

ಆ) ಸಾರ್ವಜನಿಕ ಹೊಣೆ ವಿಮೆ: ಸಂಸ್ಥೆಯ ನಿರ್ಲಕ್ಷ್ಯದಿಂದ ಹಾನಿಯಾಯಿತೆಂದು ನ್ಯಾಯಾಲಯದಲ್ಲಿ ದಾವೆ ಹೂಡಿದಾಗ ನೆರವಾಗುತ್ತದೆ. ಶಿಕ್ಷಣಾರ್ಥಿಗಳು ಇದರಲ್ಲಿ ಒಳಗೊಂಡಿದ್ದಾರೆಯೇ ಎಂಬುದನ್ನು ಪಾಲಿಸಿಯ ಪಠ್ಯದಲ್ಲಿ ಪರಿಶೀಲಿಸತಕ್ಕದ್ದು. ಸಾರ್ವಜನಿಕ ಹೊಣೆ ವಿಮಾ ಅಧಿನಿಯಮ, 1991 ಅಪಾಯಕಾರಿ ವಸ್ತುಗಳ ನಿರ್ವಹಣೆಗೆ ಸಂಬಂಧಿಸಿದ್ದು. ಹೆಸರಿನ ಸಾಮ್ಯದಿಂದ ಗೊಂದಲಕ್ಕೆ ಒಳಗಾಗಬಾರದು.

ಇ) ವಾಹನ ವಿಮೆ: ಮೋಟಾರು ವಾಹನಗಳ ಅಧಿನಿಯಮ, 1988ರ 146ನೇ ಪ್ರಕರಣದ ಮೇರೆಗೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಖಾಸಗಿ ಕಾರಿನಲ್ಲಿ ಶಿಕ್ಷಣಾರ್ಥಿಗಳನ್ನು ಕರೆತರುವ ಸಂಸ್ಥೆಗಳು ಪ್ರಯಾಣಿಕರಿಗೂ ರಕ್ಷಣೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಈ) ಆಸ್ತಿ ವಿಮೆ: ದಾನವಾಗಿ ಅಥವಾ ಅನುದಾನದಿಂದ ಬಂದ ಯಂತ್ರಗಳನ್ನೂ ದಾಸ್ತಾನು ವಹಿಯಲ್ಲಿ ನಮೂದಿಸಿ, ಪೂರ್ಣ ಮೌಲ್ಯಕ್ಕೆ ವಿಮೆ ಮಾಡಿಸತಕ್ಕದ್ದು. ಉದಾಹರಣೆಗೆ, ರೂ. 10 ಲಕ್ಷ ಮೌಲ್ಯದ ಯಂತ್ರಗಳಿಗೆ ರೂ. 6 ಲಕ್ಷಕ್ಕೆ ಮಾತ್ರ ವಿಮೆಯಿದ್ದು, ಬೆಂಕಿಯಿಂದ ರೂ. 2 ಲಕ್ಷ ನಷ್ಟವಾದರೆ, ಪ್ರಮಾಣಾನುಸಾರ ಕಡಿತದ ಷರತ್ತಿನಂತೆ ದೊರೆಯುವುದು ರೂ. 1.20 ಲಕ್ಷ ಮಾತ್ರ. ಉಳಿದ ರೂ. 80 ಸಾವಿರವನ್ನು ಸಂಸ್ಥೆಯೇ ಭರಿಸಬೇಕಾಗುತ್ತದೆ.

3. ಈಗಾಗಲೇ ಇರುವ ವೈಕಲ್ಯದ ಪ್ರಶ್ನೆ

ಅಪಘಾತ ವಿಮೆಯಲ್ಲಿ ಅಂಗನಷ್ಟಕ್ಕೆ ತಕ್ಕಂತೆ ಪರಿಹಾರ ನಿಗದಿಯಾಗಿರುತ್ತದೆ. ಎರಡೂ ಕಣ್ಣುಗಳ ನಷ್ಟಕ್ಕೆ ಹೆಚ್ಚು, ಒಂದು ಕಣ್ಣಿನ ನಷ್ಟಕ್ಕೆ ಕಡಿಮೆ. ಒಂದೇ ಕಣ್ಣಿನ ದೃಷ್ಟಿಯುಳ್ಳ ಶಿಕ್ಷಣಾರ್ಥಿಯು ಆ ಕಣ್ಣನ್ನೂ ಕಳೆದುಕೊಂಡರೆ ಆತನು ಸಂಪೂರ್ಣ ಅಂಧನಾಗುತ್ತಾನೆ. ಆದರೆ ಪಾಲಿಸಿಯ ಲೆಕ್ಕದಲ್ಲಿ ಅದು ಒಂದೇ ಕಣ್ಣಿನ ನಷ್ಟವೆಂದು ಎಣಿಕೆಯಾಗಬಹುದು. ಒಂದು ಕೈ ಅಥವಾ ಒಂದು ಕಾಲಿನ ಬಲದಿಂದ ದುಡಿಯುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ವೈಕಲ್ಯವನ್ನು ಪ್ರಸ್ತಾವನೆಯಲ್ಲಿ ಮರೆಮಾಚದೆ ತಿಳಿಸಿ, ಇಂತಹ ಸಂದರ್ಭದಲ್ಲಿ ಸಂದಾಯವಾಗುವ ಮೊತ್ತವನ್ನು ವಿಮಾ ಕಂಪನಿಯಿಂದ ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.

4. ಶಿಕ್ಷಣಾರ್ಥಿಗಳು ಸ್ವತಃ ಪಡೆಯಬಹುದಾದ ಯೋಜನೆಗಳು

ಅ) ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ (2015): ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆ ಹೊಂದಿರುವ 18ರಿಂದ 70 ವರ್ಷದವರಿಗೆ. 2022ರ ಜೂನ್ 1ರಿಂದ ವಾರ್ಷಿಕ ಕಂತು ರೂ. 20. ಅಪಘಾತದಿಂದ ಮರಣ ಅಥವಾ ಶಾಶ್ವತ ಪೂರ್ಣ ವೈಕಲ್ಯಕ್ಕೆ ರೂ. 2 ಲಕ್ಷ, ಶಾಶ್ವತ ಭಾಗಶಃ ವೈಕಲ್ಯಕ್ಕೆ ರೂ. 1 ಲಕ್ಷ. ಕಂತು ಖಾತೆಯಿಂದಲೇ ಕಡಿತವಾಗುವುದರಿಂದ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳತಕ್ಕದ್ದು.

ಆ) ನಿರಾಮಯ ಆರೋಗ್ಯ ವಿಮೆ: ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಹಾಗೂ ಬಹುವಿಧ ವೈಕಲ್ಯವುಳ್ಳವರಿಗೆ ನ್ಯಾಷನಲ್ ಟ್ರಸ್ಟ್ ಒದಗಿಸುವ ಯೋಜನೆ. ರೂ. 1 ಲಕ್ಷದವರೆಗೆ ರಕ್ಷಣೆ. ಪೂರ್ವಭಾವಿ ವೈದ್ಯಕೀಯ ಪರೀಕ್ಷೆ ಇರುವುದಿಲ್ಲ.

ಇವು ಸಂಸ್ಥೆಯ ವಿಮೆಗೆ ಪೂರಕವೇ ಹೊರತು ಪರ್ಯಾಯವಲ್ಲ.

5. ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

1) ಹಾಜರಾತಿ ವಹಿಯಲ್ಲಿರುವ ಹೆಸರುಗಳಿಗೂ ಪಾಲಿಸಿಯ ಪಟ್ಟಿಗೂ ತಾಳೆಯಿರತಕ್ಕದ್ದು. ತಂಡದ ನಡುವೆ ಸೇರಿದವರ ಹೆಸರನ್ನು ಅದೇ ದಿನ ವಿಮಾ ಕಂಪನಿಗೆ ತಿಳಿಸತಕ್ಕದ್ದು.

2) ಪ್ರಾಯೋಗಿಕ ತರಬೇತಿಗಾಗಿ ಕಾರ್ಖಾನೆಗೆ ಕಳುಹಿಸುವ ಮುನ್ನ, ಅಲ್ಲಿನ ಅಪಘಾತದ ಹೊಣೆ ಯಾರದೆಂಬುದನ್ನು ಒಡಂಬಡಿಕೆಯಲ್ಲಿ ಬರೆದಿರತಕ್ಕದ್ದು.

3) ಅಪಘಾತವಾದ ಕೂಡಲೇ ವಿಮಾ ಕಂಪನಿಗೆ ಲಿಖಿತ ಸೂಚನೆ ನೀಡಿ, ವೈದ್ಯಕೀಯ ದಾಖಲೆ, ಹಾಜರಾತಿಯ ಪ್ರತಿ ಹಾಗೂ ವೈಕಲ್ಯದ ವಿಶಿಷ್ಟ ಗುರುತಿನ ಚೀಟಿಯ ಪ್ರತಿಯನ್ನು ಜೋಪಾನವಾಗಿಡತಕ್ಕದ್ದು.

4) ಪಾಲಿಸಿಯ ಸಾರಾಂಶವನ್ನು ಶಿಕ್ಷಣಾರ್ಥಿಗಳಿಗೂ ಪೋಷಕರಿಗೂ ಕನ್ನಡದಲ್ಲಿ, ಅಗತ್ಯವಿದ್ದಲ್ಲಿ ಬ್ರೈಲ್ ಅಥವಾ ಸಂಜ್ಞಾ ಭಾಷೆಯ ಮೂಲಕ ತಿಳಿಯಪಡಿಸತಕ್ಕದ್ದು. ವಿಮೆ ಇದೆಯೆಂದು ತಿಳಿಯದ ಕುಟುಂಬವು ಪರಿಹಾರವನ್ನು ಕೇಳಲಾರದು.

6. ವೈಕಲ್ಯದ ಕಾರಣಕ್ಕೆ ವಿಮೆ ನಿರಾಕರಿಸಿದಲ್ಲಿ

ವಿಕಲಚೇತನರಿಗಾಗಿ ಆರೋಗ್ಯ ವಿಮಾ ಪಾಲಿಸಿಯನ್ನು ಒದಗಿಸುವಂತೆ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2023ರ ಫೆಬ್ರವರಿ 27ರ ಸುತ್ತೋಲೆಯಲ್ಲಿ ಸಾಮಾನ್ಯ ಹಾಗೂ ಆರೋಗ್ಯ ವಿಮಾ ಕಂಪನಿಗಳಿಗೆ ನಿರ್ದೇಶಿಸಿದೆ. ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ನಂತರ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ ದೂರು ಸಲ್ಲಿಸಬಹುದು.

ಹೆಚ್ಚಿನ ಮಾಹಿತಿಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದಾಗಿದೆ.