ಬೆಂಗಳೂರಿನ ಕಾಫಿ ಕ್ಲಬ್ಬುಗಳು

ದೊಡ್ಡ ಊರುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಯಿಂದ ಆರಂಭಿಸಿ ಅರಮನೆಗೆ ಬರುತ್ತಾರೆ. ಅಲ್ಲಿಂದ ಕಚೇರಿ, ನ್ಯಾಯಸ್ಥಾನ, ಕಾರ್ಖಾನೆಗಳನ್ನು ದಾಟಿ ಗ್ರಂಥವನ್ನು ಮುಗಿಸುತ್ತಾರೆ. ಆ ಊರಿನ ಜನ ಬೆಳಗ್ಗೆ ಎಂಟು ಗಂಟೆಗೆ ಎಲ್ಲಿ ಕುಳಿತು ಕಾಫಿ ಕುಡಿದರು, ಯಾರ ಪಕ್ಕದಲ್ಲಿ ಕುಳಿತು ಕುಡಿದರು ಎಂಬ ವಿಚಾರ ಅಡಿಟಿಪ್ಪಣಿಗೂ ಬರುವುದಿಲ್ಲ. ನಾವೂ ಬಹುಕಾಲ ಹಾಗೆಯೇ ಪಾಠ ಹೇಳಿದವರು. ನಮ್ಮ ಕಣ್ಣು ತೆರೆಸಿದವನು ಒಬ್ಬ ವಿದ್ಯಾರ್ಥಿ.

ಒಂದು ಭಾನುವಾರ ನಾಲ್ಕಾರು ವಿದ್ಯಾರ್ಥಿಗಳನ್ನು ಜೊತೆಯಲ್ಲಿ ಕರೆದುಕೊಂಡು ಬಸವನಗುಡಿಯ ಹಳೆಯ ಬೀದಿಗಳನ್ನು ತೋರಿಸಲು ಹೊರಟಿದ್ದೆವು. ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಎಂಬ ಒಂದು ಚಿಕ್ಕ ಅಂಗಡಿಯುಂಟು. 1965ರಲ್ಲಿ ಆರಂಭವಾದುದು. ಅಲ್ಲಿ ಸಿಕ್ಕುವ ಪದಾರ್ಥಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಿಬಿಡಬಹುದು: ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ. ಸಾಂಬಾರಿನ ಪ್ರಸಕ್ತಿಯೇ ಇಲ್ಲ, ಚಟ್ನಿಯೊಂದೇ. ಅದನ್ನು ಬೇಕಾದಷ್ಟು ಸಲ ಹಾಕಿಸಿಕೊಂಡು, ಬೀದಿಯ ಅಂಚಿನಲ್ಲಿಯೇ ನಿಂತು ತಿನ್ನತಕ್ಕದ್ದು. ನಮ್ಮ ಹುಡುಗರಲ್ಲಿ ಕೋಲಾರದ ಕಡೆಯವನೊಬ್ಬ, ತಟ್ಟೆಯನ್ನು ಕೈಯಲ್ಲಿ ಹಿಡಿದವನು, ತಲೆಯೆತ್ತಿ ಹಲಗೆಯ ಮೇಲಿನ ಹೆಸರನ್ನು ಓದಿದ. “ಸಾರ್, ನೂರು ವರ್ಷದ ಹಿಂದೆ ಇಂಥ ಹೆಸರಿನ ಕಡೆ ನಾನು ಬಂದಿದ್ದರೆ ಒಳಕ್ಕೆ ಬಿಡುತ್ತಿದ್ದರೆ?” ಎಂದು ಕೇಳಿದ. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ಆದರೆ ನಮ್ಮ ಕೈಯಲ್ಲಿದ್ದ ಇಡ್ಲಿ ಮಾತ್ರ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತು. ಆ ಪ್ರಶ್ನೆಗೆ ನಾವು ಕಂಡುಕೊಂಡ ಮಟ್ಟಿನ ಉತ್ತರವೇ ಈ ಭಾಷಣ.

ಮನೆಯ ಹೊರಗೆ, ಗುರುತು ಕಾಣದವರು ಬೇಯಿಸಿದ ಅನ್ನವನ್ನು ಹಣ ಕೊಟ್ಟು ಉಣ್ಣುವುದೆಂದರೆ ನಮ್ಮ ಹಿಂದಿನವರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಪ್ರಯಾಣಿಕರಿಗೆ ಛತ್ರವಿದ್ದಿತು, ಯಾತ್ರಿಕರಿಗೆ ದೇವಸ್ಥಾನವಿದ್ದಿತು, ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿದ್ದಿತು. ಅಡಿಗೆ ಮಾಡಿದವನಾರು, ಬಡಿಸಿದವನಾರು, ಎಡಬಲಗಳಲ್ಲಿ ಕುಳಿತವನಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ತುತ್ತು ಬಾಯಿಗೆ ಹೋಗಬೇಕು. ಕಾಫಿಯ ಸಂಗತಿಯೂ ಹೀಗೆಯೇ. ಬಾಬಾ ಬುಡನ್ ಎಂಬ ಸಂತನು ಅರಬ್ಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದನೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ಗಿಡ ನಮ್ಮಲ್ಲಿ ಬೆಳೆದು ಎಷ್ಟೋ ಕಾಲವಾದ ಮೇಲೂ ಅದರ ಕಷಾಯವನ್ನು ದುಶ್ಚಟವೆಂದು ಹಳಿಯುವ ಹಿರಿಯರು ಮನೆಮನೆಯಲ್ಲಿಯೂ ಇದ್ದರು.

ಇಂಥ ಸಮಾಜದಲ್ಲಿ ನಗರವು ಬೆಳೆಯತೊಡಗಿತು. 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಹುಟ್ಟಿದುವು. 1898ರ ಪ್ಲೇಗು ಪೇಟೆಯ ಜನರನ್ನು ಅತ್ತ ಅಟ್ಟಿತು. ಕಚೇರಿಯ ಗುಮಾಸ್ತರು, ಕಾಲೇಜಿನ ಹುಡುಗರು, ಕಕ್ಷಿಗಾರರು ಇವರೆಲ್ಲರೂ ಹಗಲೆಲ್ಲ ಮನೆಯಿಂದ ದೂರವಿರಬೇಕಾಯಿತು. ಹಸಿವು ಶಾಸ್ತ್ರವನ್ನು ಕೇಳುವುದಿಲ್ಲವಷ್ಟೆ. ಆ ಹಸಿವಿಗೂ ಆ ಶಂಕೆಗೂ ನಡುವೆ ಸಂಧಾನ ಮಾಡಿಸಿದವರು ದಕ್ಷಿಣ ಕನ್ನಡದ ಕಡೆಯಿಂದ ಘಟ್ಟ ಹತ್ತಿ ಬಂದ ಅಡಿಗೆಯವರು. ಮಠಗಳ ಹಾಗೂ ಸಮಾರಾಧನೆಗಳ ಪಾಕಶಾಲೆಗಳಲ್ಲಿ ನೂರಾರು ಎಲೆಗಳಿಗೆ ಬಡಿಸುವ ವಿದ್ಯೆ ಆ ನಾಡಿನವರಿಗೆ ಕರಗತವಾಗಿದ್ದಿತು. ಹಲಗೆಯ ಮೇಲೆ ಬರೆಯಿಸಿದ ‘ಬ್ರಾಹ್ಮಣ’ ಎಂಬ ಶಬ್ದವು ಗಿರಾಕಿಯ ಮೂರು ಪ್ರಶ್ನೆಗಳಲ್ಲಿ ಮೊದಲಿನ ಎರಡಕ್ಕೆ ಉತ್ತರ ಹೇಳುತ್ತಿದ್ದಿತು. ಮೂರನೆಯದಕ್ಕೆ, ಎಂದರೆ ಪಕ್ಕದಲ್ಲಿ ಕುಳಿತವನಾರು ಎಂಬುದಕ್ಕೆ, ಆ ಕಾಲದ ಎಷ್ಟೋ ಹೋಟೆಲುಗಳಲ್ಲಿ ತಡಿಕೆ ಕಟ್ಟಿ, ಇಲ್ಲವೆ ಒಳಕೋಣೆಯನ್ನು ಬೇರೆ ಮಾಡಿ ಉತ್ತರ ಹೇಳುತ್ತಿದ್ದರು. ಕೆಲವರಿಗೆ ಒಳಗೆ ಮಣೆ, ಕೆಲವರಿಗೆ ಹೊರಗಿನ ಜಗಲಿ. ಇನ್ನು ಕೆಲವರಿಗೆ ಬಾಗಿಲೇ ಇಲ್ಲ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಇದು ನೇರವಾದ ಉತ್ತರ. ಇದನ್ನು ಮರೆಸಿ ಹಳೆಯ ಕಾಫಿಯ ಘಮಘಮವನ್ನು ಮಾತ್ರ ವರ್ಣಿಸುವುದು ಚರಿತ್ರೆಯಾಗಲಾರದು.

ಆ ಕಾಲದ ಮನೆಗಳಲ್ಲೊಂದನ್ನು ಮೊದಲಿನಿಂದ ಇಂದಿನವರೆಗೆ ಅನುಸರಿಸಿ ನೋಡೋಣ. 1924ರಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಲಾಲ್‌ಬಾಗಿನ ಸಮೀಪದಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದ ಒಂದು ಹೋಟೆಲನ್ನು ತೆರೆದರು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿಯದು? ಗೋಧಿಯ ರವೆಗೆ ಮೊಸರು ಸೇರಿಸಿ, ಒಗ್ಗರಣೆ ಹಾಕಿ, ಹಬೆಯಲ್ಲಿ ಬೇಯಿಸಿ ನೋಡಿದರು. ರವೆ ಇಡ್ಲಿ ಹುಟ್ಟಿದುದು ಹೀಗೆಂದು ಆ ಮನೆಯವರು ಹೇಳುತ್ತಾರೆ. ಇಂದು ಅದನ್ನು ತಿನ್ನುವವರು ರಂಗೂನಿನ ಪತನವನ್ನು ನೆನೆಯುವುದಿಲ್ಲ. ನೆನೆಯಬೇಕಾದ ಅವಶ್ಯಕತೆಯೂ ಇಲ್ಲ. ಆದರೂ ಮಹಾಯುದ್ಧವೊಂದು ಬಸವನಗುಡಿಯ ತಟ್ಟೆಯವರೆಗೆ ಬಂದುದನ್ನು ತರಗತಿಯಲ್ಲಿ ಹೇಳಿದಾಗ ನಿದ್ರೆ ಮಾಡುತ್ತಿದ್ದ ಹುಡುಗರೂ ಎದ್ದು ಕುಳಿತರು.

ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಭೋಜನಶಾಲೆಗಳನ್ನು ನೋಡಿಬಂದರು. ಹಿಂದಿರುಗಿದ ಮೇಲೆ ಪಾತ್ರೆ, ಲೋಟ, ಚಮಚಗಳ ಶುಚಿತ್ವದ ಕಡೆಗೆ ಅವರು ಕೊಟ್ಟ ಗಮನ ಊರಿನಲ್ಲೆಲ್ಲ ಹೆಸರಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಡಿಯ ಶುದ್ಧಿ ಬೇರೆ, ಹಬೆಯಲ್ಲಿ ತೊಳೆದ ಶುದ್ಧಿ ಬೇರೆ. ಮೊದಲನೆಯದು ಅಡಿಗೆಯವನ ಕುಲವನ್ನು ಕೇಳುತ್ತದೆ. ಎರಡನೆಯದು ಅವನ ಕೈಯನ್ನು ನೋಡುತ್ತದೆ. 1960ರಲ್ಲಿ ಹೋಟೆಲು ಈಗಿನ ಕಟ್ಟಡಕ್ಕೆ ಬಂದಾಗ ಹಲಗೆಯೂ ಬದಲಾಯಿತು: ಮಾವಳ್ಳಿ ಟಿಫಿನ್ ರೂಮ್ಸ್. ಮಾವಳ್ಳಿಯೆಂಬುದು ಆ ನೆರೆಹೊರೆಯ ಹೆಸರು. ಕುಲದ ಹೆಸರಿದ್ದ ಕಡೆ ಕೇರಿಯ ಹೆಸರು ಬಂದು ಕುಳಿತಿತು. ಮಾಲೀಕರ ಮನಸ್ಸಿನಲ್ಲಿ ಏನಿದ್ದಿತೆಂದು ಊಹಿಸುವುದು ನಮ್ಮ ಕೆಲಸವಲ್ಲ. ನಮ್ಮ ಮಟ್ಟಿಗೆ, ಬೆಂಗಳೂರಿನ ಇಪ್ಪತ್ತನೆಯ ಶತಮಾನದ ಚರಿತ್ರೆಯಲ್ಲಿ ಆ ಹಲಗೆಯ ಬದಲಾವಣೆ ಎಷ್ಟೋ ಶಂಕುಸ್ಥಾಪನೆಗಳಿಗಿಂತ ದೊಡ್ಡದು.

ಇಷ್ಟರಲ್ಲಿ ದೇಶದ ಕಾನೂನು ಬದಲಾಗಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಉಲ್ಲೇಖವುಂಟು. ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದು. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ತಡೆದವರಿಗೆ ಶಿಕ್ಷೆಯನ್ನು ವಿಧಿಸಿತು. ಸಂವಿಧಾನವನ್ನು ರಚಿಸಿದ ಮಹನೀಯರು ಇಡ್ಲಿಯಂಗಡಿಯ ಬಾಗಿಲನ್ನೂ ಮರೆಯಲಿಲ್ಲವೆಂಬುದು ಅವರ ದೂರದೃಷ್ಟಿಗೆ ಸಾಕ್ಷಿ. ಶಂಕರಪುರದ ಅಂಗಡಿ ತೆರೆದುದು ಇದಾದ ಮೇಲೆ. ನಮ್ಮ ಹುಡುಗನ ತಂದೆಯೋ ತಾತನೋ ಮೊದಲ ದಿನವೇ ಬಂದಿದ್ದರೂ ಅವರಿಗೆ ಅಲ್ಲಿ ನಿಲ್ಲುವ ಹಕ್ಕಿದ್ದಿತು.

ಹಕ್ಕು ಬಂದರೂ ಅಭ್ಯಾಸ ಬರಲು ಹೊತ್ತು ಹಿಡಿಯುತ್ತದೆ. ಆ ಅಭ್ಯಾಸವನ್ನು ಮಾಡಿಸಿದ ಸ್ಥಳಗಳಲ್ಲಿ ಗಾಂಧಿಬಜಾರಿನ ವಿದ್ಯಾರ್ಥಿಭವನವೂ ಒಂದು. 1943ರಲ್ಲಿ, ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರನ್ನು ನೆಚ್ಚಿಕೊಂಡು ಹುಟ್ಟಿದುದರಿಂದ ಆ ಹೆಸರು. ಅಲ್ಲಿ ಮೇಜಿನ ಎದುರಿನ ಕುರ್ಚಿ ಎಂದೂ ನಿಮ್ಮದಲ್ಲ. ಇಬ್ಬರು ಗೆಳೆಯರು ಗಹನವಾದ ಮಾತಿನಲ್ಲಿ ಮುಳುಗಿರುವಾಗಲೇ ಮೂರನೆಯವರೊಬ್ಬರು ಬಂದು, “ಇಲ್ಲಿ ಯಾರಾದರೂ ಇದ್ದಾರೆಯೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕುಳಿತುಬಿಡುವರು. ಎಡಗೈಯ ಮೇಲೆ ಹತ್ತಾರು ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಗೆ ಯಾರು ಯಾರ ಜೊತೆಯವರೆಂಬ ವಿಚಾರ ಬೇಡ. ಎಷ್ಟು ದೋಸೆ ಎಂಬುದಷ್ಟೇ ಲೆಕ್ಕ. ಅದೇ ಬೀದಿಯ ಹೆಸರು ನಿಸಾರ್ ಅಹಮದರ ಮೊದಲನೆಯ ಕವನಸಂಗ್ರಹಕ್ಕೆ, ‘ಮನಸು ಗಾಂಧಿಬಜಾರು’ ಎಂದು, 1960ರಲ್ಲಿ ಬಂದುದನ್ನು ಕನ್ನಡ ಓದುಗರು ಬಲ್ಲರು. ಮಾವಳ್ಳಿಯ ಹಲಗೆ ಬದಲಾದ ವರ್ಷವೂ ಅದೇ.

ದಂಡು ಪ್ರದೇಶದ ಕಥೆ ಬೇರೆ. 1949ರವರೆಗೆ ಪೇಟೆಗೂ ದಂಡಿಗೂ ಬೇರೆ ಬೇರೆ ಆಡಳಿತವಿದ್ದಿತು, ರುಚಿಯೂ ಬೇರೆಯೆ. ಅತ್ತ ಬ್ರೆಡ್ಡು, ಬಿಸ್ಕತ್ತು, ಮಾಂಸದ ಪಲ್ಯಗಳು. ಇತ್ತ ಪೇಟೆಯಲ್ಲಿ ಮಾಂಸಾಹಾರಕ್ಕೆ ‘ಮಿಲಿಟರಿ ಹೋಟೆಲು’ಗಳು. ದೊನ್ನೆಯ ಬಿರಿಯಾನಿ, ಕೈಮದ ಉಂಡೆ, ಮುದ್ದೆಗಳಿಗೆ ಪ್ರಸಿದ್ಧವಾದ ಈ ಮನೆಗಳನ್ನು ಕುರಿತು ಬರೆದವರು ಕಡಮೆ. ಬರೆಯುವವರಲ್ಲಿ ಹೆಚ್ಚು ಮಂದಿ ದೋಸೆಯ ಕಡೆಯವರಾದುದೇ ಅದಕ್ಕೆ ಕಾರಣವಿರಬಹುದು.

ದಂಡಿನ ಕಡೆ ನಾವು ವಿದ್ಯಾರ್ಥಿದೆಸೆಯಲ್ಲಿ ಗಂಟೆಗಟ್ಟಲೆ ಕುಳಿತ ಸ್ಥಳವೆಂದರೆ ಮಹಾತ್ಮಾಗಾಂಧಿ ರಸ್ತೆಯ ಕಾಫಿಹೌಸು. ಕಾಫಿ ಮಂಡಲಿಯವರು ನಡೆಸುತ್ತಿದ್ದ ಕಾಫಿಹೌಸುಗಳನ್ನು 1950ರ ದಶಕದಲ್ಲಿ ಮುಚ್ಚುತ್ತ ಬಂದಾಗ ಕೆಲಸ ಕಳೆದುಕೊಂಡ ನೌಕರರು, ಎ.ಕೆ. ಗೋಪಾಲನ್ ಮೊದಲಾದವರ ಪ್ರೋತ್ಸಾಹದಿಂದ ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಹೀಗಾಗಿ ರುಮಾಲು ಸುತ್ತಿ, ನಡುಪಟ್ಟಿ ಕಟ್ಟಿ ನಮಗೆ ಕಾಫಿ ತಂದುಕೊಡುತ್ತಿದ್ದವನು ಆಳಲ್ಲ, ಪಾಲುದಾರ. ಒಂದೇ ಲೋಟ ಕಾಫಿಯ ಮುಂದೆ ಒಂದು ಮಧ್ಯಾಹ್ನವನ್ನೇ ಕಳೆಯುತ್ತಿದ್ದ ನಮ್ಮನ್ನು ಆತ ಎಬ್ಬಿಸದೆ ಬಿಟ್ಟುದು ಏಕೆಂದು ನಮಗೆ ತಿಳಿದುದು ಬಹಳ ತಡವಾಗಿ. 2009ರಲ್ಲಿ ಆ ಮನೆಯನ್ನು ಬಿಟ್ಟುಕೊಡಬೇಕಾಗಿ ಬಂದು ಕಾಫಿಹೌಸು ಚರ್ಚ್ ಸ್ಟ್ರೀಟಿಗೆ ಹೋಯಿತು. ನೆಲದ ಬೆಲೆಯೆಂಬುದು ಈಗಿನ ಕಾಲದ ತಡಿಕೆ. ಅದು ಜಾತಿಯನ್ನು ಕೇಳುವುದಿಲ್ಲ, ಜೇಬನ್ನು ಕೇಳುತ್ತದೆ.

1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿದಾಗ ಮಾವಳ್ಳಿಯ ಮನೆ ಸರಕಿನ ಗುಣವನ್ನು ಇಳಿಸಲೊಪ್ಪದೆ ನಷ್ಟದಲ್ಲಿ ಮಾರಿ, ಕಡೆಗೆ ಕೆಲಕಾಲ ಬಾಗಿಲು ಹಾಕಿತು. ನೌಕರರನ್ನು ಉಳಿಸಿಕೊಳ್ಳಲು ಹಿಟ್ಟು, ರವೆಗಳ ಪೊಟ್ಟಣ ಮಾರುವ ಅಂಗಡಿಯನ್ನಿಟ್ಟರು. ಇಂದು ಪರದೇಶಗಳಲ್ಲಿರುವ ಕನ್ನಡಿಗರ ಅಡಿಗೆಮನೆಯಲ್ಲಿ ಕಾಣುವ ಆ ಪೊಟ್ಟಣದ ಮೂಲ ಅದು.

ಇನ್ನು 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬುದು ತೆರೆಯಿತು. ಮೇಜಿಲ್ಲ, ಕುರ್ಚಿಯಿಲ್ಲ, ಮಾಣಿಯಿಲ್ಲ. ಚೀಟಿ ಕೊಂಡು, ಕಣ್ಣೆದುರಿಗೇ ಮಾಡಿದುದನ್ನು ಕೈಯಾರೆ ತೆಗೆದುಕೊಂಡು ನಿಂತು ತಿನ್ನತಕ್ಕದ್ದು. ಈ ಮಾದರಿ ಊರೆಲ್ಲ ಹಬ್ಬಿತು. ನಿಂತು ತಿನ್ನುವುದು ಅಸಭ್ಯವೆಂದು ಗೊಣಗಿದ ಹಿರಿಯರುಂಟು. ಕುಳಿತು ಹರಟುವ ಸುಖ ಹೋಯಿತೆಂದು ನಾವೂ ಗೊಣಗಿದ್ದೇವೆ. ಆದರೆ ಪಂಕ್ತಿಯೇ ಇಲ್ಲದ ಕಡೆ ಪಂಕ್ತಿಭೇದಕ್ಕೆ ಸ್ಥಳವೆಲ್ಲಿ? ತಡಿಕೆ ಕಟ್ಟಲು ಅಲ್ಲಿ ಗೋಡೆಯೇ ಇಲ್ಲ. ‘ಶುದ್ಧ’ ಎಂಬ ಶಬ್ದವು ಇನ್ನೂ ಎಷ್ಟೋ ಹಲಗೆಗಳ ಮೇಲೆ ಸಸ್ಯಾಹಾರದ ಹಿಂದೆ ಅಂಟಿಕೊಂಡಿದೆಯೆಂಬುದು ನಿಜ.

ಸಮಯ ಮುಗಿಯುತ್ತ ಬಂದಿತು. ಮಲ್ಲೇಶ್ವರದ ಬೆಣ್ಣೆದೋಸೆಯ ವಿಚಾರ ಹೇಳಲಾಗಲಿಲ್ಲ. ಆ ಬಡಾವಣೆಯವರು ಕ್ಷಮಿಸುವುದು ಕಷ್ಟ. ಶಂಕರಪುರದ ಆ ಬೆಳಗನ್ನು ಕುರಿತು ಇನ್ನೊಂದು ಮಾತುಂಟು. ಪ್ರಶ್ನೆ ಕೇಳಿದ ಹುಡುಗ ನಮ್ಮ ಉತ್ತರಕ್ಕಾಗಿ ಕಾಯುತ್ತಿರಲಿಲ್ಲ. ತಟ್ಟೆ ಹಿಡಿದು ನಿಲ್ಲಲು ಸ್ಥಳವಿಲ್ಲದೆ ಅತ್ತಿತ್ತ ನೋಡುತ್ತಿದ್ದ, ವಿಭೂತಿ ಧರಿಸಿದ ವೃದ್ಧರೊಬ್ಬರಿಗೆ ತನ್ನ ಪಕ್ಕದ ಕಟ್ಟೆಯ ಮೇಲೆ ಸ್ವಲ್ಪ ಎಡೆ ಮಾಡಿಕೊಟ್ಟು, ಇನ್ನಷ್ಟು ಚಟ್ನಿ ಹಾಕಿಸಿಕೊಳ್ಳಲು ಒಳಕ್ಕೆ ಹೋದ. ಅವನ ತಟ್ಟೆಯಲ್ಲಿದ್ದ ವಡೆಯನ್ನು ಕಾಗೆಯಿಂದ ಕಾಯುವ ಕೆಲಸ ಆ ವೃದ್ಧರಿಗೆ ಬಿದ್ದಿತು.